ಮನೆಯಲ್ಲೇ ಉಳಿದ ಭಕ್ತರ ಬಗ್ಗೆ

ಮಾನ್ಯ ಸಂಪಾದಕರೇ,

ಹಾಸಿಗೆ ಹಿಡಿದವರನ್ನ ಮನೇಲಿ ನೋಡ್ಕೊಳ್ಳೋರು ಒಂದು ಮಾತು ಪದೇಪದೇ ಹೇಳೋದನ್ನ ಕೇಳಿದೀನಿ, 'ದೇವಸ್ಥಾನದ ಕಡೆ ಹೋಗೇ ಎಷ್ಟೋ ದಿನ ಆಯ್ತು, ದೇವರಿಗೆ ದೂರ ಆಗ್ಬಿಟ್ಟೆನೇನೋ' ಅಂತ. ಮಸೀದಿಗೆ, ಚರ್ಚಿಗೆ ಹೋಗೋರ ಸಂಕಟಾನೂ ಇದೇ. ಅದರ ಮೇಲೆ ಎದುರಿಗೆ ಸಿಕ್ಕೋರು 'ಏನು, ಈಚೆಗೆ ಕಾಣ್ಸೋದೇ ಇಲ್ವಲ್ಲ' ಅಂದ್ಬಿಟ್ರೆ ಆ ಜೀವ ಇನ್ನೂ ಕುಗ್ಗಿ ಹೋಗತ್ತೆ, ಅದನ್ನ ನೋಡಿ ಸುಮ್ಮನಿರಕ್ಕಾಗದೆ ಈ ಪತ್ರ ಬರೀತಿದೀನಿ.

ಅವರು ದಿನಾ ಮಾಡೋದು ಏನು ಅಂತ ಸ್ವಲ್ಪ ಹತ್ತಿರ ಹೋಗಿ ನೋಡ್ಬೇಕು. ಮಲಗಿದಲ್ಲೇ ಇರೋರಿಗೆ ಬೆನ್ನು, ಸೊಂಟ, ಹಿಮ್ಮಡಿ ಹುಣ್ಣಾಗಬಾರ್ದು ಅಂತ ಸುಮಾರು 2 ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸ್ಬೇಕು, ಹಗಲು ಅಂತಿಲ್ಲ ರಾತ್ರಿ ಅಂತಿಲ್ಲ. ನೀರು ಕುಡಿಸ್ಬೇಕಾದ್ರೆ ತಲೆ ಬೆನ್ನು ಎತ್ತಿ ಆನಿಸ್ಕೊಂಡು, ಒಂದು ಗುಟುಕು ಕೊಟ್ಟು, ಅದು ಇಳೀತಾ ಅಂತ ಗಂಟಲು ನೋಡಿ ಆಮೇಲೆ ಇನ್ನೊಂದು ಗುಟುಕು, ಅವಸರ ಮಾಡಿದ್ರೆ ನೀರು ಶ್ವಾಸಕೋಶಕ್ಕೆ ಹೋಗೋ ಭಯ. ಬಟ್ಟೆ ಬದಲಾಯಿಸೋವಾಗ ಬಾಗಿಲು ಹಾಕಿ, ಮೈಮೇಲೆ ಹೊದಿಕೆ ಹಾಗೇ ಬಿಟ್ಟು ಕೆಲಸ ಮುಗಿಸ್ತಾರೆ, ಮಾತಾಡಕ್ಕಾಗದೇ ಇರೋರಿಗೂ ಮಾನ ಅಂತ ಒಂದಿದೆ ಅನ್ನೋದು ಅವರಿಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ಇಷ್ಟೆಲ್ಲ ಆದ್ಮೇಲೂ ನೋವು ತಡೀಲಾರದೆ ರೋಗಿ ಬೈದ್ರೆ ಬೈಸ್ಕೊಂಡು, ಮತ್ತೆ ತಲೆ ಸವರ್ತಾರೆ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪೂಜೆ ಇಲ್ಲ.

ಇದು ನನ್ನ ಹೊಸ ಅಭಿಪ್ರಾಯ ಏನಲ್ಲ. ಸಿಖ್ಖರಲ್ಲಿ ಭಾಯಿ ಕನ್ಹಯ್ಯಾ ಅಂತ ಒಬ್ಬರಿದ್ರು, 18ನೇ ಶತಮಾನದ ಶುರುವಿನಲ್ಲಿ ಪಂಜಾಬಿನ ಆನಂದಪುರ ಸಾಹಿಬ್‌ನಲ್ಲಿ ಯುದ್ಧ ನಡೀತಿರುವಾಗ ಚರ್ಮದ ಚೀಲದಲ್ಲಿ ನೀರು ಹೊತ್ಕೊಂಡು ಗಾಯಾಳುಗಳಿಗೆಲ್ಲ ಕುಡಿಸ್ತಿದ್ರಂತೆ, ತಮ್ಮವರಿಗೂ ಶತ್ರುಗಳಿಗೂ. ಇದೇನಿದು ಅಂತ ಗುರು ಗೋಬಿಂದ್ ಸಿಂಗರ ಹತ್ರ ದೂರು ಹೋಯ್ತು, ಕರೆಸಿ ಕೇಳಿದ್ರೆ ಎಲ್ಲರಲ್ಲೂ ನನಗೆ ನಿಮ್ಮ ಮುಖಾನೇ ಕಾಣ್ಸತ್ತೆ ಅಂದ್ರಂತೆ. ಗುರುಗಳು ಬೈಲಿಲ್ಲ, ನೀರಿನ ಜೊತೆ ಇದನ್ನೂ ತಗೊಂಡು ಹೋಗು ಅಂತ ಗಾಯಕ್ಕೆ ಹಚ್ಚೋ ಮುಲಾಮು ಕೊಟ್ಟು ಕಳಿಸಿದ್ರು ಅಂತ ಸಿಖ್ಖರು ಇವತ್ತಿಗೂ ಹೇಳ್ತಾರೆ. ಮಹಾರಾಷ್ಟ್ರದ ಸಂತ ಗಾಡಗೆ ಮಹಾರಾಜರು (1876–1956) ಕೂಡ ಹಾಗೇ, ಊರಿಗೆ ಬಂದವರೇ ಮೊದಲು ಪೊರಕೆ ಹಿಡಿದು ಬೀದಿ ಗುಡಿಸೋರು, ಕೀರ್ತನೆ ಏನಿದ್ರೂ ಸಾಯಂಕಾಲಕ್ಕೆ. ದಾರಿಯಲ್ಲಿ ಬಿದ್ದ ಕಲ್ಲುಮುಳ್ಳು ತೆಗೆಯೋದೂ ದಾನಾನೇ ಅಂತ ಇಸ್ಲಾಮಿನಲ್ಲೂ ಇದೆ. ಪ್ರಾರ್ಥನೆ ಬೇಡ ಅಂತ ಇವರ್ಯಾರೂ ಹೇಳ್ಲಿಲ್ಲ, ನಾನೂ ಹೇಳಲ್ಲ, ಪ್ರಾರ್ಥನೆಯಿಂದಲೇ ಎಷ್ಟೋ ಜನಕ್ಕೆ ಆ ರಾತ್ರಿ ಎದ್ದು ಕೂರೋ ಶಕ್ತಿ ಬರತ್ತೆ.

ಅದಕ್ಕೇ ನಿಮ್ಮ ಪತ್ರಿಕೆ ಮೂಲಕ ಭಕ್ತರಲ್ಲಿ ನನ್ನದೊಂದು ಕೋರಿಕೆ. ಪೂಜೆಗೋ ನಮಾಜಿಗೋ ಆರಾಧನೆಗೋ ಸೇರಿದಾಗ ಇವತ್ತು ಯಾರು ಬಂದಿಲ್ಲ, ಯಾಕೆ ಬಂದಿಲ್ಲ ಅಂತ ವಿಚಾರಿಸಿ. ಮನೇಲಿ ರೋಗಿ ಇದ್ದಾರೆ ಅಂತ ಗೊತ್ತಾದ್ರೆ ಮೊದಲೇ ಫೋನ್ ಮಾಡಿ ಹೋಗಿ, ಬುದ್ಧಿಮಾತು, ಮನೆಮದ್ದು ಹೇಳಕ್ಕೆ ಹೋಗ್ಬೇಡಿ, 'ಒಂದೆರಡು ಗಂಟೆ ನಾನಿಲ್ಲಿ ಕೂತಿರ್ತೀನಿ, ನೀವು ಹೋಗಿ ನಿದ್ದೆ ಮಾಡಿ, ಇಲ್ಲ ದೇವರ ದರ್ಶನ ಮಾಡ್ಕೊಂಡು ಬನ್ನಿ' ಅನ್ನಿ. ಮಗ್ಗುಲು ಹೇಗೆ ಬದಲಾಯಿಸೋದು, ನೀರು ಹೇಗೆ ಕುಡಿಸೋದು ಅಂತ ಅವರನ್ನೇ ಕೇಳಿ ಕಲ್ತ್ಕೊಳ್ಳಿ. ಅಲ್ಲಿ ಫೋಟೋ ತೆಗೀಬೇಡಿ, ದಯವಿಟ್ಟು. ಧಾರ್ಮಿಕ ಪುಟದಲ್ಲಿ ಪ್ರವಚನದ ಪಕ್ಕದಲ್ಲಿ ಇಂಥ ಆರೈಕೆ ಮಾಡೋರ ಮಾತಿಗೂ, ಹೆಸರು ಹಾಕದಿದ್ರೂ ಪರ್ವಾಗಿಲ್ಲ, ವಾರಕ್ಕೊಮ್ಮೆ ಜಾಗ ಕೊಡ್ತೀರಾ ಸರ್?

ಇಂತಿ,
ನಿಮ್ಮ ಓದುಗ