ನಾಳೆ ಲ್ಯಾಬ್ ಇದೆ, ದಯವಿಟ್ಟು ಪೂರ್ತಿ ಓದಿ

9 ಮತ್ತು 10ನೇ ತರಗತಿ ಪೋಷಕರ ಗಮನಕ್ಕೆ. ನಾಳೆ ಆಮ್ಲ-ಪ್ರತ್ಯಾಮ್ಲದ ಪ್ರಯೋಗ. ರಾಯಚೂರಿನ ಬಿಸಿಲು ನನಗೂ ಗೊತ್ತು, ಆದರೂ ಚಪ್ಪಲಿ ಬೇಡ, ಪಾದ ಮುಚ್ಚುವ ಶೂ ಹಾಕಿಸಿ. ಜಡೆ ಬಿಗಿಯಾಗಿ ಕಟ್ಟಿ, ದುಪಟ್ಟಾಕ್ಕೆ ಪಿನ್ ಹಾಕಿ. ಸ್ಪಿರಿಟ್ ದೀಪದ ಉರಿ ಹಗಲು ಬೆಳಕಿನಲ್ಲಿ ಸರಿಯಾಗಿ ಕಾಣುವುದೇ ಇಲ್ಲ.

ಇದೊಂದನ್ನು ಮನೆಯಲ್ಲೇ ಹೇಳಿ ಕಳಿಸಿ: ಆಮ್ಲವನ್ನು ನೀರಿಗೆ ಹಾಕಬೇಕು, ಸ್ವಲ್ಪ ಸ್ವಲ್ಪವಾಗಿ, ಕಲಕುತ್ತಾ. ಗಾಢ ಸಲ್ಫ್ಯೂರಿಕ್ ಆಮ್ಲಕ್ಕೆ ನೀರು ಸುರಿದರೆ ಹುಟ್ಟುವ ಶಾಖಕ್ಕೆ ನೀರು ಕುದಿದು, ಆಮ್ಲ ಮುಖಕ್ಕೇ ಸಿಡಿಯುತ್ತದೆ. ಆ ಬಾಟಲಿ ನನ್ನ ಕೈಯಲ್ಲೇ ಇರುತ್ತದೆ, ಮಕ್ಕಳು ಮುಟ್ಟುವುದಿಲ್ಲ.

ನಲ್ಲಿ ನಂಬಿ ಕೂರುವಂತಿಲ್ಲ, ಬಕೆಟ್‌ಗಳಲ್ಲಿ ನೀರು ತುಂಬಿಸಿಟ್ಟಿದ್ದೇನೆ. ಕಣ್ಣಿಗೆ ಹನಿ ಬಿದ್ದರೆ ಉಜ್ಜದೆ 15-20 ನಿಮಿಷ ನೀರು ಹಾಯಿಸಲೇಬೇಕು, ಆಮೇಲೆ ಆಸ್ಪತ್ರೆಗೆ. ಸುರಕ್ಷಾ ಕನ್ನಡಕ ಸಾಲುತ್ತಿಲ್ಲ, ಮನೆಯಲ್ಲಿದ್ದರೆ ಕಳಿಸಿಕೊಡಿ.