ಗೊಬ್ಬರ ಬುಡಕ್ಕಿರಲಿ, ಸೂಳೆಕೆರೆಗೆ ಬೇಡ

ಮಾನ್ಯರೇ,

ಚನ್ನಗಿರಿ ತಾಲ್ಲೂಕಿನ ನಮ್ಮ ಸೂಳೆಕೆರೆಯ ನೀರನ್ನು ಚಿತ್ರದುರ್ಗದವರೂ ಕುಡಿಯುತ್ತಾರೆ. ಕೆರೆಯ ಮೇಲ್ಭಾಗದಲ್ಲಿ ಅಡಿಕೆ ತೋಟ ಮಾಡುವ ನಾವು ಇದನ್ನು ಮರೆತೇಬಿಟ್ಟಿದ್ದೇವೆ. ಮೋಡ ಕಂಡರೆ ಸಾಕು, ಡಿಎಪಿ, ಯೂರಿಯಾ ಚೀಲ ಬಿಚ್ಚಿ ಮರದ ಬುಡಕ್ಕೆ ಎರಚುತ್ತೇವೆ. ಜೋರು ಮಳೆ ಬಿದ್ದರೆ ಗೊಬ್ಬರದ ಕಾಳು ಕರಗಿ, ಕೆಮ್ಮಣ್ಣಿನ ಜೊತೆ ಬಸಿಗಾಲುವೆ ಹಿಡಿದು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ. ಡಿಎಪಿಯಲ್ಲಿರುವ ರಂಜಕವನ್ನು ಉಂಡೇ ಪಾಚಿ ಹಬ್ಬುವುದು. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟನ್ನೇ ಕಂತಿನಲ್ಲಿ ಕೊಟ್ಟು ಮಣ್ಣು ಮುಚ್ಚಿದರೆ ದುಡ್ಡೂ ಉಳಿದೀತು. (ಗೊಬ್ಬರದಂಗಡಿಯವರಿಗೆ ಈ ಮಾತು ರುಚಿಸಲಿಕ್ಕಿಲ್ಲ!)

ಬೇಸಿಗೆಯಲ್ಲಿ ನೀರು ತಳ ಕಂಡಷ್ಟೂ ಪಾಚಿಯ ಕಾಟ ಹೆಚ್ಚು. ಕುಡಿಯುವ ನೀರಿಗೆ ಎಷ್ಟು ಅಡಿ ಉಳಿಸಬೇಕು, ಗದ್ದೆಗೆ ನೀರು ಬಿಡಲು ತೂಬು ಯಾವಾಗ ಎತ್ತಬೇಕು ಎಂಬುದನ್ನು ಭತ್ತದ ಸಸಿಮಡಿಗೆ ಮುಂಚೆಯೇ ಅಧಿಕಾರಿಗಳು ನಿರ್ಧರಿಸಿ, ಪಂಚಾಯಿತಿ ಬೋರ್ಡಿನಲ್ಲಿ ಹಾಕಲಿ.

– ಅಡಿಕೆ ಬೆಳೆಗಾರ, ಚನ್ನಗಿರಿ ತಾಲ್ಲೂಕು