ತುಮಕೂರು ಪಾರ್ಕಿನ್ಸನ್ ಆರೈಕೆ ಗುಂಪಿಗೆ ಸೂಚನೆ: ಸ್ಕ್ಯಾನ್ ಬಗ್ಗೆ

ಸದಸ್ಯರ ಗಮನಕ್ಕೆ. 'ಎಂಆರ್‌ಐ ನಾರ್ಮಲ್ ಬಂದಿದೆ, ಹಾಗಾದರೆ ಪಾರ್ಕಿನ್ಸನ್ ಇಲ್ಲ ಅಲ್ವಾ?' ಎಂದು ಕೇಳುವವರು ಬಹಳ. ಹಾಗಲ್ಲ. ಪಾರ್ಕಿನ್ಸನ್‌ನಲ್ಲಿ ಸಾಮಾನ್ಯ ಎಂಆರ್‌ಐ ನಾರ್ಮಲ್ಲೇ ಇರುವುದು ಹೆಚ್ಚು. ಅದನ್ನು ಮಾಡಿಸುವುದು ಸ್ಟ್ರೋಕ್, ಗಡ್ಡೆ, ಮೆದುಳಲ್ಲಿ ನೀರು ತುಂಬಿರುವುದು ಇಂಥವನ್ನು ತಳ್ಳಿಹಾಕಲು. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

ಅನುಮಾನ ಉಳಿದರೆ ಮಾತ್ರ ಡೋಪಮೈನ್ ಸ್ಕ್ಯಾನ್, ಅಂದರೆ ಚಲನೆಗೆ ಬೇಕಾದ ಡೋಪಮೈನ್ ರಾಸಾಯನಿಕದ ನರಕೋಶಗಳು ಮೆದುಳಲ್ಲಿ ಹೇಗಿವೆ ಎಂದು ನೋಡುವ ಸ್ಕ್ಯಾನ್. ಬೆಂಗಳೂರಿಗೆ ಹೋಗುವುದಾದರೆ ಇಡೀ ದಿನ ಬಿಡುವು ಇಟ್ಟುಕೊಳ್ಳಿ: ಟ್ರೋಡಾಟ್ ಎಂಬ ಡೋಪಮೈನ್ ಸ್ಕ್ಯಾನ್‌ನಲ್ಲಿ ಇಂಜೆಕ್ಷನ್ ಕೊಟ್ಟು ಸುಮಾರು 4 ಗಂಟೆ ಕಾದ ಮೇಲೆ ಚಿತ್ರ ತೆಗೆಯುತ್ತಾರೆ. ಆರೋಗ್ಯವಂತರ ಚಿತ್ರದಲ್ಲಿ ಮೆದುಳಿನ ಎರಡೂ ಕಡೆ ಒಂದು ಭಾಗ ಅಲ್ಪವಿರಾಮ ಚಿಹ್ನೆಯಂತೆ (,) ಹೊಳೆಯುತ್ತದೆ. ಕಾಯಿಲೆಯಲ್ಲಿ ಬಾಲ ಮಾಸಿ ಚುಕ್ಕೆಯಷ್ಟೇ ಉಳಿಯುತ್ತದೆ, ಅದೂ ಸಾಮಾನ್ಯವಾಗಿ ಒಂದು ಕಡೆ ಹೆಚ್ಚು. ಎಸೆನ್ಷಿಯಲ್ ಟ್ರೆಮರ್‌ನಲ್ಲಿ (ಪಾರ್ಕಿನ್ಸನ್ ಅಲ್ಲದ ಬೇರೆ ಬಗೆಯ ನಡುಕದ ಕಾಯಿಲೆ) ಚಿತ್ರ ನಾರ್ಮಲ್. ಆದರೆ ಪಾರ್ಕಿನ್ಸನ್‌ನಂತೆಯೇ ಕಾಣುವ ಎಂಎಸ್‌ಎ, ಪಿಎಸ್‌ಪಿ ಎಂಬ ಬೇರೆ ಮೆದುಳಿನ ಕಾಯಿಲೆಗಳಲ್ಲೂ ಚಿತ್ರ ಕೆಡುತ್ತದೆ, ಹಾಗಾಗಿ ಇದೊಂದೇ ತೀರ್ಪಲ್ಲ.

ಮಾತ್ರೆ ಚೀಟಿಗಳನ್ನೆಲ್ಲ ಒಯ್ಯಿರಿ. ಖಿನ್ನತೆಗೆ ಕೊಡುವ ಬುಪ್ರೊಪಿಯಾನ್ ಮಾತ್ರೆ ಸ್ಕ್ಯಾನ್ ಫಲಿತಾಂಶ ಕೆಡಿಸಬಹುದು. ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಗ್ಯಾಸ್ಟ್ರಿಕ್‌ಗೆಂದು ಲೆವೊಸಲ್ಪಿರೈಡ್, ತಲೆಸುತ್ತಿಗೆ ಸಿನ್ನರಿಜಿನ್ ತಿಂಗಳುಗಟ್ಟಲೆ ನುಂಗಿದ್ದರೆ ನಡುಕ ಅದರಿಂದಲೇ ಬಂದಿರಬಹುದು. ಸ್ಕ್ಯಾನ್‌ಗೆ ದುಡ್ಡು ಸುರಿಯುವ ಮೊದಲು ನರರೋಗ ತಜ್ಞರಿಗೆ ಈ ಮಾತ್ರೆ ಚೀಟಿಗಳನ್ನೇ ತೋರಿಸಿ.